ಡಾಕ್ಟ್ರೇ, ಒಂದು ಪ್ರಶ್ನೆ: ಮೆಗ್ನೀಸಿಯಂ ಸೋರುತ್ತಿರುವುದು ಎಲ್ಲಿ?

ಹೋದ ತಿಂಗಳು ಸಂಪಾದಕರು ಒಂದು ದಪ್ಪ ಲಕೋಟೆ ಕಳಿಸಿದರು. ಮೇಲೆ ಕೆಂಪು ಪೆನ್ನಿನಲ್ಲಿ ‘ಬರೀ ಮೆಗ್ನೀಸಿಯಂ’ ಎಂದು ಬರೆದಿತ್ತು. ಕೆಲವು ವರ್ಷದ ಹಿಂದೆ ಇದೇ ಲಕೋಟೆಯಲ್ಲಿ ವಿಟಮಿನ್ ಡಿ ತುಂಬಿರುತ್ತಿತ್ತು. ಅದಕ್ಕೂ ಮುಂಚೆ ಬಿ12. ಮೊಬೈಲಿನಲ್ಲಿ ಯಾರಾದರೂ ಡಬ್ಬಿ ಹಿಡಿದು ಮಾತಾಡಿದರೆ ಸಾಕು, ನನ್ನ ಲಕೋಟೆ ದಪ್ಪ ಆಗುತ್ತದೆ. ಇರಲಿ, ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ಥರದ ಪತ್ರಗಳನ್ನು ಸೇರಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ರಾತ್ರಿ ಎರಡು ಗಂಟೆ ಹೊತ್ತಿಗೆ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಎದ್ದು ನಿಂತರೇನೇ ಬಿಡುವುದು. ನನ್ನ ತಂಗಿಗೂ ಹೀಗೇ ಆಗುತ್ತಿತ್ತು. ಮೆಗ್ನೀಸಿಯಂ ಮಾತ್ರೆ ತಗೊಂಡಳು, ಒಂದೇ ತಿಂಗಳಲ್ಲಿ ಕಡಿಮೆ ಆಯಿತಂತೆ. ನಾನೂ ಶುರು ಮಾಡಲಾ?
— ನಿವೃತ್ತ ಶಿಕ್ಷಕಿ, 61 ವರ್ಷ

ಉತ್ತರ: ನಿಮ್ಮ ತಂಗಿ ಸುಳ್ಳು ಹೇಳುತ್ತಿಲ್ಲ. ಆದರೆ ಕಡಿಮೆ ಮಾಡಿದ್ದು ಮಾತ್ರೆಯೇನಾ ಅನ್ನುವುದು ಬೇರೆ ಪ್ರಶ್ನೆ. ಇಸ್ರೇಲಿನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ರಾತ್ರಿ ಸೆಳೆತ ಇದ್ದ 94 ಜನರಲ್ಲಿ ಒಂದು ಗುಂಪಿಗೆ ಮೆಗ್ನೀಸಿಯಂ ಆಕ್ಸೈಡ್ ಕೊಟ್ಟರು. ಇನ್ನೊಂದು ಗುಂಪಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ವಾರಕ್ಕೆ ಸುಮಾರು 8 ಸಲ ಬರುತ್ತಿದ್ದ ಸೆಳೆತ ನಾಲ್ಕು ವಾರದಲ್ಲಿ 5ರ ಆಸುಪಾಸಿಗೆ ಇಳಿಯಿತು. ಎರಡೂ ಗುಂಪಿನಲ್ಲಿ! ಸೆಳೆತದ ಸ್ವಭಾವವೇ ಅದು. ಕೆಲವು ವಾರ ಕಾಡುತ್ತದೆ, ಆಮೇಲೆ ತಾನೇ ತಣ್ಣಗಾಗುತ್ತದೆ. ತೀರಾ ಕಾಡಿದಾಗ ನಾವು ಮಾತ್ರೆ ಶುರು ಮಾಡುತ್ತೇವೆ. ಆಮೇಲೆ ಇಳಿದದ್ದಕ್ಕೆಲ್ಲ ಮಾತ್ರೆಗೇ ಹೆಸರು. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ 11 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಯಸ್ಸಾದವರ ಸೆಳೆತಕ್ಕೆ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಅದಕ್ಕೊಂದು ಆಧಾರ ಇದೆ. ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಬೇಕು. ಆ ಕ್ಯಾಲ್ಸಿಯಂಗೆ ಕಡಿವಾಣ ಹಾಕಿ ಸ್ನಾಯುವನ್ನು ಸಡಿಲ ಬಿಡುವುದರಲ್ಲಿ ಮೆಗ್ನೀಸಿಯಂ ಪಾತ್ರ ಇದೆ. ರಕ್ತದಲ್ಲಿ ಅದು ನಿಜವಾಗಿಯೂ ತೀರಾ ಇಳಿದರೆ ಸೆಳೆತ, ನಡುಕ, ಕೈ ಬೆರಳು ಸೊಟ್ಟಗಾಗುವುದು ಎಲ್ಲವೂ ಆಗುತ್ತದೆ. ಆದರೆ ಸೆಳೆತ ಬಂದವರಿಗೆಲ್ಲ ಅದು ಕಡಿಮೆ ಇರುತ್ತದೆ ಅಂತ ಅರ್ಥ ಅಲ್ಲ, ಅಲ್ವಾ?

ನಾನೇನು ಮಾಡುತ್ತೇನೆ, ಹೇಳುತ್ತೇನೆ. ನನಗೂ 57 ಆಯಿತು, ನನಗೂ ಸೆಳೆತ ಬರುತ್ತದೆ. ಮಲಗುವ ಮುಂಚೆ ಗೋಡೆಯಿಂದ ಎರಡು ಅಡಿ ದೂರ ನಿಂತು, ಹಿಮ್ಮಡಿ ನೆಲಕ್ಕೆ ಒತ್ತಿ, ಗೋಡೆಗೆ ಕೈ ಊರಿ ಮುಂದಕ್ಕೆ ಬಾಗುತ್ತೇನೆ. ಮೀನಖಂಡ ಎಳೆದ ಹಾಗೆ ಆಗಬೇಕು. ಹತ್ತು ಸೆಕೆಂಡು, ಮೂರು ಸಲ. ಸೆಳೆತ ಬಂದೇಬಿಟ್ಟರೆ ಕಾಲ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯುತ್ತೇನೆ. ಇದಕ್ಕೆ ದುಡ್ಡಿಲ್ಲ, ಭೇದಿಯೂ ಇಲ್ಲ. ಸೆಳೆತ ಶುರುವಾಗುವ ಮುಂಚೆ ಯಾವುದಾದರೂ ಹೊಸ ಮಾತ್ರೆ ಸೇರಿತ್ತಾ, ನೆನಪು ಮಾಡಿಕೊಳ್ಳಿ. ಒಂದೇ ಕಾಲು ಊದಿಕೊಂಡಿದ್ದರೆ, ನಡೆಯುವಾಗ ನೋವು ಬಂದು ನಿಂತರೆ ಹೋಗುತ್ತಿದ್ದರೆ, ಅದು ಬೇರೆಯದೇ ಕಥೆ. ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ಮೆಗ್ನೀಸಿಯಂ ನಾರ್ಮಲ್ ಬಂದಿದೆ. ಆದರೆ ಪರೀಕ್ಷೆಯನ್ನು ನಂಬಬೇಡಿ, ಕೊರತೆ ಒಳಗೆ ಅಡಗಿರುತ್ತದೆ ಅಂತ ಒಬ್ಬರು ಹೇಳಿದರು. ಹೌದಾ?
— ಬ್ಯಾಂಕ್ ಉದ್ಯೋಗಿ, 38 ವರ್ಷ

ಉತ್ತರ: ಅರ್ಧ ಹೌದು. ದೊಡ್ಡವರ ಮೈಯಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಮೂಳೆಯಲ್ಲಿ, ಉಳಿದದ್ದರಲ್ಲಿ ಹೆಚ್ಚಿನದು ಸ್ನಾಯು ಮತ್ತು ಬೇರೆ ಅಂಗಗಳ ಜೀವಕೋಶಗಳ ಒಳಗೆ. ನಾವು ಸಿರಿಂಜಿನಲ್ಲಿ ಎಳೆದು ಅಳೆಯುವ ರಕ್ತದ ದ್ರವದಲ್ಲಿ ಇರುವುದು ಒಟ್ಟು ಮೊತ್ತದ ಶೇಕಡಾ 1ಕ್ಕಿಂತ ಕಡಿಮೆ. ಅಂದರೆ ಕಣಜದಲ್ಲಿ ಎಷ್ಟಿದೆ ಅಂತ ಬಾಗಿಲ ಹತ್ತಿರ ಚೆಲ್ಲಿದ ಕಾಳು ನೋಡಿ ಹೇಳಿದ ಹಾಗೆ. ರಕ್ತದ ಮಟ್ಟ ಇಳಿಯದಂತೆ ಕಿಡ್ನಿ ಕಾಯುತ್ತದೆ, ಮೂಳೆ ಸಾಲ ಕೊಡುತ್ತದೆ. ಹಾಗಾಗಿ ನಾರ್ಮಲ್ ಬಂದರೂ ಒಳಗೆ ಕಡಿಮೆ ಇರುವ ಸಾಧ್ಯತೆ ಇದೆ.

ಇನ್ನರ್ಧ ಏನು ಗೊತ್ತಾ? ಈ ಮಾತನ್ನು ಹೇಳಿ ಯಾರಿಗೆ ಬೇಕಾದರೂ ಏನನ್ನು ಬೇಕಾದರೂ ಮಾರಬಹುದು. ಪರೀಕ್ಷೆ ಕಡಿಮೆ ಬಂದರೆ ಕೊರತೆ, ನಾರ್ಮಲ್ ಬಂದರೆ ಅಡಗಿದ ಕೊರತೆ! ನಾನು ನೋಡುವುದು ಒಂದೇ: ಮೆಗ್ನೀಸಿಯಂ ಸೋರಿ ಹೋಗಲು ಈ ಮನುಷ್ಯನಿಗೆ ಕಾರಣ ಇದೆಯಾ? ತಿಂಗಳುಗಟ್ಟಲೆ ಭೇದಿ, ಹಿಡಿತಕ್ಕೆ ಬರದ ಶುಗರ್, ದಿನಾ ಕುಡಿತ, ಕರುಳಿನ ಕಾಯಿಲೆ, ಕೆಲವು ಮಾತ್ರೆಗಳು. ಇದ್ಯಾವುದೂ ಇಲ್ಲದೆ ಎರಡು ಹೊತ್ತು ನೆಟ್ಟಗೆ ಉಣ್ಣುವ ಮನುಷ್ಯನಲ್ಲಿ ತೀವ್ರ ಕೊರತೆ ಬಹಳ ಅಪರೂಪ. ಊಟದಲ್ಲಿ ಕಡಿಮೆ ಬಂದರೆ ಕಿಡ್ನಿ ಮೂತ್ರದಲ್ಲಿ ಬಿಡುವುದನ್ನು ತಾನೇ ಕಡಿಮೆ ಮಾಡುತ್ತದೆ. ಬಹಳ ಜಿಪುಣ ಅಂಗ ಅದು.

ಪ್ರಶ್ನೆ: ನಮ್ಮ ತಂದೆಗೆ 72. ಬಿ.ಪಿ.ಗೆ ಮೂತ್ರ ಹೋಗುವ ಮಾತ್ರೆ ಇದೆ. ಗ್ಯಾಸ್ ಅಂತ ಆರು ವರ್ಷದಿಂದ ಬೆಳಿಗ್ಗೆ ಎದ್ದ ತಕ್ಷಣ ಒಂದು ಕ್ಯಾಪ್ಸೂಲ್. ಈಗ ಎರಡು ತಿಂಗಳಿಂದ ಸುಸ್ತು, ಕೈ ನಡುಕ. ಪೊಟ್ಯಾಸಿಯಂ ಕಡಿಮೆ ಅಂತ ಸಿರಪ್ ಕೊಟ್ಟರು. ಎಷ್ಟು ಕುಡಿದರೂ ಏರುತ್ತಿಲ್ಲ. ಏನಿರಬಹುದು?
— ಮಗಳು

ಉತ್ತರ: ಅಮ್ಮಾ, ಈ ಲಕೋಟೆಯಲ್ಲಿ ನಾನು ಎರಡು ಸಲ ಓದಿದ ಪತ್ರ ನಿಮ್ಮದು. ಯಾಕೆಂದರೆ ಇದೇ ತಪ್ಪನ್ನು ನಾನು ಮಾಡಿದ್ದೇನೆ. ಅದೂ ನನ್ನ ಸೋದರಮಾವನ ವಿಷಯದಲ್ಲಿ.

ಅವರಿಗೂ ಇದೇ ಎರಡು ಮಾತ್ರೆ. ಪೊಟ್ಯಾಸಿಯಂ 2.9 ಇತ್ತು, 3.5ರ ಮೇಲೆ ಇರಬೇಕು. ಸಿರಪ್ ಬರೆದೆ. ವಾರ ಬಿಟ್ಟು ನೋಡಿದರೆ 3.0. ಡೋಸ್ ಜಾಸ್ತಿ ಮಾಡಿದೆ. ಮತ್ತೆ 2.9. ಮಾವನಿಗೆ ಸಿರಪ್ಪಿನ ರುಚಿ ಹಿಡಿಸದೆ ಸಿಂಕಿಗೆ ಸುರಿಯುತ್ತಿದ್ದಾರೆ ಅಂತ ಅನುಮಾನಪಟ್ಟೆ, ಬೈದೂ ಬೈದೆ. ಆರು ವಾರ ಹೀಗೇ ಕಳೆಯಿತು. ಒಂದು ದಿನ ಎದೆ ಬಡಿತ ತಪ್ಪುತ್ತಿದೆ ಅಂತ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ, ಆಗಷ್ಟೇ ಓದು ಮುಗಿಸಿದವಳು, ಫೈಲು ತಿರುವಿ ಹಾಕಿ ಕೇಳಿದಳು: ‘ಮೇಡಂ, ಮೆಗ್ನೀಸಿಯಂ ನೋಡಿದ್ರಾ?’ ನೋಡಿರಲಿಲ್ಲ. ಸಂಜೆ ರಿಪೋರ್ಟ್ ಬಂತು. 0.9. ಇರಬೇಕಾದ್ದು 1.7ಕ್ಕಿಂತ ಜಾಸ್ತಿ.

ವಿಷಯ ಏನೆಂದರೆ, ಕಿಡ್ನಿಯ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಹೊರಹೋಗುವ ಸಣ್ಣ ಕಿಂಡಿಗಳಿವೆ. ಒಳಗಿನಿಂದ ಆ ಕಿಂಡಿಗೆ ಬಿರಡೆಯ ಹಾಗೆ ಕೂತಿರುವುದು ಮೆಗ್ನೀಸಿಯಂ. ಮೆಗ್ನೀಸಿಯಂ ಕಡಿಮೆ ಆದರೆ ಬಿರಡೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮೇಲಿನಿಂದ ಎಷ್ಟು ಪೊಟ್ಯಾಸಿಯಂ ಸುರಿದರೂ ಕೆಳಗಿನಿಂದ ಮೂತ್ರದಲ್ಲಿ ಸೋರುತ್ತದೆ. ತಳ ಒಡೆದ ಕೊಡಕ್ಕೆ ನೀರು ಹೊಯ್ದಂತೆ. ಪಾಪ, ಮಾವ ಸಿರಪ್ಪನ್ನು ಒಂದು ಹನಿಯೂ ಚೆಲ್ಲಿರಲಿಲ್ಲ. ಕ್ಯಾಲ್ಸಿಯಂ ಕಥೆಯೂ ಹೆಚ್ಚುಕಡಿಮೆ ಹೀಗೇ. ಅದನ್ನು ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನು ಮೆಗ್ನೀಸಿಯಂ ತೀರಾ ಇಳಿದಾಗ ಸರಿಯಾಗಿ ಹೊರಬರುವುದಿಲ್ಲ, ಬಂದರೂ ಕೆಲಸ ಮಾಡುವುದಿಲ್ಲ.

ನಿಮ್ಮ ತಂದೆಯ ಎರಡು ಮಾತ್ರೆಗಳಲ್ಲಿ ಒಂದು ಕಿಡ್ನಿಯಿಂದ ಮೆಗ್ನೀಸಿಯಂ ಕಳೆಯುತ್ತದೆ. ಫ್ಯೂರೋಸಮೈಡ್, ಹೈಡ್ರೋಕ್ಲೋರೋಥಯಜೈಡ್ ಥರದ್ದು. ಇನ್ನೊಂದು, ಅಂದರೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನದು, ಕರುಳು ಅದನ್ನು ಹೀರಿಕೊಳ್ಳದಂತೆ ಮಾಡಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆಗುವವರಲ್ಲಿ ಹೆಚ್ಚಿನವರು ವರ್ಷಕ್ಕಿಂತ ಜಾಸ್ತಿ ತಗೊಂಡವರು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಈ ಎಚ್ಚರಿಕೆ ಕೊಟ್ಟಿತು. ಅವರು ನೋಡಿದ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಮೆಗ್ನೀಸಿಯಂ ಕೊಟ್ಟರೂ ಸಾಲಲಿಲ್ಲ, ಗ್ಯಾಸಿನ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ಮಾವನಿಗೂ ಅದೇ ಆಯಿತು. ಮೊದಲು ಡ್ರಿಪ್ಪಿನಲ್ಲಿ ಕೊಟ್ಟರು, ಆಮೇಲೆ ಕ್ಯಾಪ್ಸೂಲ್ ಬದಲಿಸಿದರು. ಹತ್ತು ದಿನದಲ್ಲಿ ಪೊಟ್ಯಾಸಿಯಂ ತಾನಾಗಿ 4ಕ್ಕೆ ಬಂತು.

ನೀವು ಮಾಡಬೇಕಾದ್ದು: ಎರಡೂ ಮಾತ್ರೆಗಳ ಪಟ್ಟಿ ತಗೊಂಡು ಅವರ ಡಾಕ್ಟರ ಹತ್ತಿರ ಈ ವಾರವೇ ಹೋಗಿ, ಮುಂದಿನ ವಾರಕ್ಕೆ ಹಾಕಬೇಡಿ. ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ನೋಡಲು, ಒಂದು ಇಸಿಜಿ ಮಾಡಲು ಕೇಳಿ. ನೀವೇ ಮಾತ್ರೆ ನಿಲ್ಲಿಸಬೇಡಿ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಆಗಿದ್ದವರಿಗೆ ಆ ಕ್ಯಾಪ್ಸೂಲ್ ಬೇಕೇ ಬೇಕು. ಆದರೆ ‘ಇದು ಇನ್ನೂ ಬೇಕಾ?’ ಅಂತ ಕೇಳಿ. ಆರು ವರ್ಷದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಎದೆ ಬಡಿತ ತಪ್ಪಿದರೆ, ತಲೆ ತಿರುಗಿ ಬಿದ್ದರೆ ಅಪಾಯಿಂಟ್‌ಮೆಂಟ್ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಅಂಗಡಿಯಲ್ಲಿ ಆಕ್ಸೈಡ್, ಸಿಟ್ರೇಟ್, ಗ್ಲೈಸಿನೇಟ್ ಅಂತ ಸಾಲಾಗಿ ಇಟ್ಟಿದ್ದಾರೆ. ಯಾವುದು ಒಳ್ಳೆಯದು?
— ಇಂಜಿನಿಯರ್, 33 ವರ್ಷ

ಉತ್ತರ: ಮೊದಲ ಪ್ರಶ್ನೆ, ಯಾಕೆ ಬೇಕು? ಆ ಜಗಳ ಪಕ್ಕಕ್ಕಿಡೋಣ.

ಡಬ್ಬಿಯ ಮುಂದೆ ಬರೆದಿರುವ ದೊಡ್ಡ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಗ್ಲೈಸಿನೇಟಿನ ತೂಕದಲ್ಲಿ ಮೆಗ್ನೀಸಿಯಂ ಸುಮಾರು ಶೇಕಡಾ 14, ಸಿಟ್ರೇಟಿನಲ್ಲಿ 16, ಆಕ್ಸೈಡಿನಲ್ಲಿ 60. ಅಂದರೆ ‘ಗ್ಲೈಸಿನೇಟ್ 1000 ಮಿ.ಗ್ರಾಂ.’ ಅಂತ ಇದ್ದರೆ ಅದರಲ್ಲಿ ಮೆಗ್ನೀಸಿಯಂ ಇರುವುದು 140 ಮಿ.ಗ್ರಾಂ. ಹಿಂದೆ ಸಣ್ಣ ಅಕ್ಷರದಲ್ಲಿ ‘ಎಲಿಮೆಂಟಲ್’ ಅಂತ ಬರೆದಿರುವ ಲೆಕ್ಕವೇ ನಿಜವಾದದ್ದು. ಹಾಗಂತ ಆಕ್ಸೈಡಿನಲ್ಲಿ ಜಾಸ್ತಿ ಇದೆ ಅಂತ ಹಿಗ್ಗಬೇಡಿ. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮೈಗೆ ಹತ್ತುವುದು ಕಡಿಮೆ. ಹತ್ತದೆ ಉಳಿದದ್ದು ಕರುಳಿನಲ್ಲೇ ಕೂತು ನೀರು ಎಳೆಯುತ್ತದೆ.

ಆ ನೀರು ಎಳೆಯುವುದು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಸೆಳೆತ ಶುರುವಾದ ಹೊಸದರಲ್ಲಿ, ಮಾವನ ಘಟನೆಯ ಬಿಸಿ ಇನ್ನೂ ಆರಿರಲಿಲ್ಲ, ನಾನೇ ಆಕ್ಸೈಡ್ ಮಾತ್ರೆ ಬೆಳಿಗ್ಗೆ ಎರಡು, ರಾತ್ರಿ ಎರಡು ನುಂಗಿದೆ. ಡಾಕ್ಟರಿಗೆ ಯಾರು ಹೇಳುವವರು! ಮೂರನೇ ದಿನ ಹೊರಗೆ ರೋಗಿಗಳ ಸಾಲು, ಎದುರಿಗೆ ಕೂತ ಅಜ್ಜಿ ತಮ್ಮ ಮಲಬದ್ಧತೆಯ ಕಥೆ ಹೇಳುತ್ತಿದ್ದಾರೆ. ನಾನು ಅರ್ಧದಲ್ಲಿ ಎದ್ದು ಓಡಿದೆ. ವಾಪಸ್ ಬಂದಾಗ ಅಜ್ಜಿ ಕೇಳಿದರು, ‘ಯಾವ ಮಾತ್ರೆ ತಾಯಿ, ನನಗೂ ಬರಿ.’

ನಿಮ್ಮ ಪ್ರಶ್ನೆಗೆ: ಡಾಕ್ಟರು ಬೇಕು ಅಂದಿದ್ದರೆ ಸಿಟ್ರೇಟ್ ಅಥವಾ ಗ್ಲೈಸಿನೇಟ್ ಹತ್ತುತ್ತದೆ, ಊಟದ ಜೊತೆ ತಗೊಳ್ಳಿ. ಮಾತ್ರೆಯಿಂದ ದಿನಕ್ಕೆ ಎಷ್ಟು ಮೀರಬಾರದು ಅನ್ನುವುದಕ್ಕೆ ಅಮೆರಿಕದವರ ಮಿತಿ 350 ಮಿ.ಗ್ರಾಂ., ಯುರೋಪಿನವರದು 250. ಊಟದಿಂದ ಬರುವ ಮೆಗ್ನೀಸಿಯಂ ಈ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಂದು ಮಾತು: ಥೈರಾಯ್ಡ್ ಮಾತ್ರೆ, ಮೂಳೆ ಸವೆತದ ಅಲೆಂಡ್ರೋನೇಟ್, ಸಿಪ್ರೊಫ್ಲಾಕ್ಸಸಿನ್ ಅಥವಾ ಡಾಕ್ಸಿಸೈಕ್ಲಿನ್ ಥರದ ಆ್ಯಂಟಿಬಯಾಟಿಕ್ ಇದ್ದರೆ ಜೊತೆಯಲ್ಲಿ ನುಂಗಬೇಡಿ. ಮೆಗ್ನೀಸಿಯಂ ಅವುಗಳಿಗೆ ಅಂಟಿಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಉಳಿದವುಗಳ ಅಂತರ ಎಷ್ಟು ಅಂತ ಔಷಧಿ ಕೊಡುವವರನ್ನೇ ಕೇಳಿ.

ಪ್ರಶ್ನೆ: ನಿದ್ದೆಗೆ?
— ಒಂದೇ ಪದದ ಪತ್ರ ಬರೆದವರು

ಉತ್ತರ: ನಿದ್ದೆಯಿಲ್ಲದ ವಯಸ್ಸಾದವರ ಮೇಲೆ ನಡೆದ ಮೂರು ಸಣ್ಣ ಪ್ರಯೋಗಗಳನ್ನು 2021ರಲ್ಲಿ ಒಟ್ಟು ಸೇರಿಸಿ ನೋಡಿದರು. ಎಲ್ಲಾ ಸೇರಿ 151 ಜನ. ನಿದ್ದೆ ಹತ್ತುವುದು ಸುಮಾರು 17 ನಿಮಿಷ ಬೇಗ ಆಯಿತು. ಪ್ರಯೋಗಗಳ ಗುಣಮಟ್ಟ ಚೆನ್ನಾಗಿಲ್ಲ ಅಂತ ಅವರೇ ಬರೆದಿದ್ದಾರೆ. ರಾತ್ರಿ ಮೊಬೈಲು ಪಕ್ಕದ ಕೋಣೆಯಲ್ಲಿಟ್ಟು ಮೊದಲು ನೋಡಿ.

ಪ್ರಶ್ನೆ: ನನ್ನ ಹೆಂಡತಿಗೆ ಏಳನೇ ತಿಂಗಳಲ್ಲಿ ಬಿ.ಪಿ. ವಿಪರೀತ ಏರಿತು. ಆಸ್ಪತ್ರೆಯಲ್ಲಿ ಮೆಗ್ನೀಸಿಯಂ ಡ್ರಿಪ್ ಹಾಕಿದರು. ಅವಳು ಮೈಯೆಲ್ಲಾ ಉರಿ ಅಂತ ಅತ್ತಳು. ನರ್ಸ್ ಮತ್ತೆ ಮತ್ತೆ ಬಂದು ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು. ಈಗ ಇಬ್ಬರೂ ಆರಾಮ. ಆದರೆ ಆ ಸುತ್ತಿಗೆ ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ.
— ಹೊಸ ಅಪ್ಪ

ಉತ್ತರ: ಎಂಥ ಒಳ್ಳೆ ಪ್ರಶ್ನೆ! ಮಗುವಿಗೆ ನನ್ನ ಆಶೀರ್ವಾದ.

ಗರ್ಭಿಣಿಗೆ ಬಿ.ಪಿ. ಹೀಗೆ ಏರಿದಾಗ ದೊಡ್ಡ ಭಯ ಫಿಟ್ಸ್. ಅದನ್ನು ತಡೆಯಲು ಇವತ್ತಿಗೂ ಮೆಗ್ನೀಸಿಯಂ ಸಲ್ಫೇಟಿಗಿಂತ ಒಳ್ಳೆಯದು ಇಲ್ಲ. ‘ಮ್ಯಾಗ್‌ಪೈ’ ಅನ್ನುವ ಪ್ರಯೋಗ 33 ದೇಶಗಳಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಹೆಂಗಸರ ಮೇಲೆ ನಡೆಯಿತು. 2002ರಲ್ಲಿ ಫಲಿತಾಂಶ ಬಂತು. ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಎಷ್ಟೋ ವಿಷಯದಲ್ಲಿ ಮೆಗ್ನೀಸಿಯಂ ಬಗ್ಗೆ ನಾನು ಮೂಗು ಮುರಿಯುತ್ತೇನೆ. ಇಲ್ಲಿ ಮಾತ್ರ ಕೈ ಮುಗಿಯುತ್ತೇನೆ.

ಆದರೆ ಜಾಸ್ತಿ ಆದರೆ ಇದು ನರ ಮತ್ತು ಸ್ನಾಯುವಿನ ನಡುವಿನ ಮಾತುಕತೆಯನ್ನೇ ನಿಲ್ಲಿಸುತ್ತದೆ. ಮೊದಲು ಹೋಗುವುದು ಮೊಣಕಾಲಿನ ಜಿಗಿತ. ಅದಾದ ಮೇಲೆ, ಇನ್ನೂ ಏರಿದರೆ, ಉಸಿರು. ಕೊನೆಗೆ ಹೃದಯ. ಹಾಗಾಗಿ ಮೊಣಕಾಲು ನಮಗೆ ಕಾವಲುಗಾರ. ತಟ್ಟಿದಾಗ ಕಾಲು ಜಿಗಿಯುತ್ತಿದ್ದರೆ ಉಸಿರು ಕ್ಷೇಮ. ನಾನು ಹೆರಿಗೆ ವಾರ್ಡಿನಲ್ಲಿ ತರಬೇತಿಯಲ್ಲಿದ್ದಾಗ ನಮ್ಮ ಹಿರಿಯ ಸಿಸ್ಟರ್ ಒಬ್ಬರು ಇದನ್ನು ಕಲಿಸಿದರು. ರಾತ್ರಿ ಪಾಳಿ, ಹತ್ತೊಂಬತ್ತರ ಹುಡುಗಿ, ಎರಡು ಸಲ ಫಿಟ್ಸ್ ಆಗಿತ್ತು. ಮಂಚದ ತಲೆಯ ಹತ್ತಿರ ಒಂದು ಟ್ರೇ. ಅದರಲ್ಲಿ ಸುತ್ತಿಗೆ, ಗಡಿಯಾರ, ತುಂಬಿಸಿಟ್ಟ ಕ್ಯಾಲ್ಸಿಯಂ ಗ್ಲುಕೋನೇಟ್ ಸಿರಿಂಜ್. ಮೆಗ್ನೀಸಿಯಂ ಜಾಸ್ತಿ ಆದರೆ ಅದೇ ಮದ್ದು. ‘ಕಾಲು ನೋಡು, ಉಸಿರು ಎಣಿಸು, ಮೂತ್ರದ ಚೀಲ ನೋಡು’ ಅಂತ ಸಿಸ್ಟರ್ ಜಪದ ಹಾಗೆ ಹೇಳುತ್ತಿದ್ದರು. ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಆಗಬಾರದು. ಮೂತ್ರ ಗಂಟೆಗೆ 30 ಮಿಲಿಲೀಟರಾದರೂ ಬರಬೇಕು. ಮೆಗ್ನೀಸಿಯಂ ಹೊರಹೋಗುವ ದಾರಿ ಅದೊಂದೇ. ನಾಲ್ಕು ಗಂಟೆ ಹೊತ್ತಿಗೆ ನನಗೆ ತೂಕಡಿಕೆ. ಸುತ್ತಿಗೆ ತಟ್ಟಿದೆ, ಕಾಲು ಅಲುಗಲಿಲ್ಲ. ನನ್ನ ಎದೆಯೇ ನಿಂತ ಹಾಗಾಯಿತು. ಸಿಸ್ಟರ್ ಬಂದು ನನ್ನ ಕೈ ಅರ್ಧ ಇಂಚು ಕೆಳಗೆ ಸರಿಸಿ ತಟ್ಟಿಸಿದರು. ಕಾಲು ಜಿಗಿಯಿತು. ನಾನು ಮೂಳೆಯ ಮೇಲೆ ತಟ್ಟುತ್ತಿದ್ದೆ!

ಮೈ ಉರಿ ಅಂದಿರಲ್ಲ, ಅದು ನಿಜ. ರಕ್ತನಾಳ ಹಿಗ್ಗಿ ಮುಖ, ಮೈ ಕಾದ ಹಾಗಾಗುತ್ತದೆ. ನಿಮ್ಮ ಹೆಂಡತಿ ಸುಮ್ನೆ ಅತ್ತಿದ್ದಲ್ಲ. ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಪ್ರಶ್ನೆ: ಮೆಗ್ನೀಸಿಯಂ, ಮ್ಯಾಂಗನೀಸ್ ಎರಡೂ ಒಂದೇನಾ?
— ವಿದ್ಯಾರ್ಥಿ

ಉತ್ತರ: ಅಲ್ಲ. ಎರಡಕ್ಕೂ ಹೆಸರು ಬಂದದ್ದು ಗ್ರೀಸಿನ ಮೆಗ್ನೀಸಿಯಾ ಅನ್ನುವ ಪ್ರದೇಶದಿಂದ, ಅದಕ್ಕೇ ಈ ಗೊಂದಲ. ಮ್ಯಾಂಗನೀಸ್ ದಿನಕ್ಕೆ 2 ಮಿ.ಗ್ರಾಂ. ಸುತ್ತಮುತ್ತ ಸಾಕು. ಮೆಗ್ನೀಸಿಯಂ ಗಂಡಸರಿಗೆ 400ರಿಂದ 420, ಹೆಂಗಸರಿಗೆ 310ರಿಂದ 320 ಅನ್ನುವುದು ಅಮೆರಿಕದ ಲೆಕ್ಕ. ಪರೀಕ್ಷೆಯಲ್ಲಿ ಬರೆಯಲು ಇನ್ನೊಂದು: ಎಲೆಯ ಹಸಿರಿಗೆ ಕಾರಣವಾದ ಕ್ಲೋರೊಫಿಲ್ಲಿನ ನಟ್ಟ ನಡುವೆ ಕೂತಿರುವುದು ಮೆಗ್ನೀಸಿಯಂ.

ಪ್ರಶ್ನೆ: ಹಾಗಾದರೆ ಊಟದಿಂದಲೇ ಸಿಗಬೇಕಾದರೆ ಏನು ತಿನ್ನಬೇಕು? ಎಪ್ಸಮ್ ಉಪ್ಪಿನ ನೀರಿನಲ್ಲಿ ಕಾಲು ಇಟ್ಟರೆ ಚರ್ಮದಿಂದ ಹೋಗುತ್ತದಾ?
— ಗೃಹಿಣಿ, 45 ವರ್ಷ

ಉತ್ತರ: ಮೇಲಿನ ವಿದ್ಯಾರ್ಥಿಗೆ ಹೇಳಿದ್ದರಲ್ಲೇ ನಿಮ್ಮ ಉತ್ತರವೂ ಇದೆ. ಹಸಿರು ಸೊಪ್ಪು. ಆಮೇಲೆ ಬೀಜಗಳು, ಬೇಳೆ ಕಾಳು, ತೌಡು ತೆಗೆಯದ ಧಾನ್ಯ. ಬೀಜ ಅಂದರೆ ಮುಂದೆ ಗಿಡ ಆಗಬೇಕಾದ್ದು, ಅದಕ್ಕೇ ಅದರಲ್ಲಿ ಖನಿಜ ಕೂಡಿಟ್ಟಿರುತ್ತದೆ. ಸಿಪ್ಪೆ ತೆಗೆದ ಕುಂಬಳ ಬೀಜ ಹುರಿದದ್ದು 28 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ತಿಂದರೆ 150 ಮಿ.ಗ್ರಾಂ. ಮೇಲೆ. ಅಷ್ಟೇ ಬಾದಾಮಿಯಲ್ಲಿ 80. ಧಾನ್ಯವನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ಮೆಗ್ನೀಸಿಯಂನ ಹೆಚ್ಚಿನ ಪಾಲು ತೌಡಿನ ಜೊತೆ ಹೋಗುತ್ತದೆ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಅದರಲ್ಲೂ ಸ್ವಲ್ಪ ಹೋಗುತ್ತದೆ, ಚೆಲ್ಲಬೇಡಿ. ತಿಂದದ್ದರಲ್ಲಿ ಮೈಗೆ ಹತ್ತುವುದು ಮೂರನೇ ಒಂದು ಭಾಗದಷ್ಟೇ. ಅದನ್ನೂ ಲೆಕ್ಕ ಹಾಕಿಯೇ ಮೇಲಿನ 320 ಬಂದದ್ದು, ನೀವು ಬೇರೆ ಲೆಕ್ಕ ಹಾಕಬೇಡಿ.

ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟೇ, ಡ್ರಿಪ್ಪಿನಲ್ಲಿ ಕೊಡುವ ಅದೇ ಉಪ್ಪು. ಇಂಗ್ಲೆಂಡಿನ ಎಪ್ಸಮ್ ಊರಿನಲ್ಲಿ 17ನೇ ಶತಮಾನದಲ್ಲಿ ಒಂದು ಬಾವಿಯ ನೀರನ್ನು ದನಗಳು ಮೂಸಿ ನೋಡಿ ಬಿಟ್ಟುಬಿಟ್ಟವು, ಅಷ್ಟು ಕಹಿ ಇತ್ತು ಅಂತ ಕಥೆ ಇದೆ. ದನ ಬಿಟ್ಟದ್ದನ್ನು ಜನ ಹೊಟ್ಟೆ ಸ್ವಚ್ಛ ಮಾಡಲು ಕುಡಿದರು. ಬಿಸಿ ನೀರಿನಲ್ಲಿ ಕಾಲಿಟ್ಟರೆ ಹಿತವಾಗುತ್ತದೆ, ಇಡಿ. ಆ ಹಿತ ಬಿಸಿ ನೀರಿನದು. ಚರ್ಮದಿಂದ ಲೆಕ್ಕಕ್ಕೆ ಬರುವಷ್ಟು ಮೆಗ್ನೀಸಿಯಂ ಒಳಗೆ ಹೋಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ.

ಪ್ರಶ್ನೆ: ನನಗೆ ಕಿಡ್ನಿ ಶೇಕಡಾ 20 ಮಾತ್ರ ಕೆಲಸ ಮಾಡುತ್ತಿದೆ ಅಂದಿದ್ದಾರೆ. ಮಲಬದ್ಧತೆಗೆ ಬಿಳಿ ಔಷಧಿ ದಿನಾ ಮೂರು ಚಮಚ ಕುಡಿಯುತ್ತೇನೆ. ಅದರ ಮೇಲೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಅಂತ ಇದೆ. ಈಚೆಗೆ ಬಹಳ ನಿದ್ದೆಗಣ್ಣು, ಕೈಕಾಲು ಸೋಲು. ಮೆಗ್ನೀಸಿಯಂ ಕಡಿಮೆ ಆಗಿರಬಹುದಾ?
— 66 ವರ್ಷ

ಉತ್ತರ: ಕಡಿಮೆ ಅಲ್ಲ, ಜಾಸ್ತಿ ಆಗಿರಬಹುದು. ಪತ್ರಿಕೆ ಬರುವವರೆಗೆ ಕಾಯಬಾರದು ಅಂತ ಸಂಪಾದಕರಿಂದ ನಿಮ್ಮ ನಂಬರ್ ಪಡೆದು ಆಗಲೇ ಫೋನ್ ಮಾಡಿದ್ದೇನೆ. ನಿಮ್ಮ ಥರದವರು ಇನ್ನೂ ಇರುತ್ತಾರೆ, ಅದಕ್ಕೆ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಒಳ್ಳೆ ಕಿಡ್ನಿ ಇದ್ದವರಿಗೆ ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ. ನಿಮ್ಮಲ್ಲಿ ಆ ಬಾಗಿಲು ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆ. ಸೋಲು, ತೂಕಡಿಕೆ, ಬಿ.ಪಿ. ಇಳಿಯುವುದು, ಆಮೇಲೆ ಉಸಿರು. ಹೊಸ ಅಪ್ಪನಿಗೆ ಹೇಳಿದ ಅದೇ ಸಾಲು. ಇವತ್ತಿನಿಂದಲೇ ಆ ಔಷಧಿ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಕೊಡಿ. ಮಲಬದ್ಧತೆಗೆ ಮೆಗ್ನೀಸಿಯಂ ಇಲ್ಲದ ಔಷಧಿಗಳಿವೆ, ಕಿಡ್ನಿ ಡಾಕ್ಟರೇ ಬರೆದು ಕೊಡುತ್ತಾರೆ. ಆ್ಯಸಿಡಿಟಿಗೆ ಕುಡಿಯುವ ಸಿರಪ್ಪುಗಳಲ್ಲೂ ಇದೇ ಇರುತ್ತದೆ, ಮನೆಯಲ್ಲಿರುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ‘ಬಿಳಿ ಔಷಧಿ’ ಅಂತ ಬಾಯಲ್ಲಿ ಹೇಳಿದರೆ ಅವರಿಗೆ ಯಾವುದು ಅಂತ ಗೊತ್ತಾಗುವುದಿಲ್ಲ.